ನಾನೇ ಅಡ್ಮಿನ್, ಮತ್ತೆ ನನ್ನನ್ನೇ ಯಾಕೆ ಕೇಳುತ್ತೆ?

(ವಿಜಯಪುರದಲ್ಲಿ ಡಿಟಿಪಿ ಅಂಗಡಿ, ಕಂಪ್ಯೂಟರ್ ಸೆಂಟರ್, ಲೆಕ್ಕಪತ್ರದ ಆಫೀಸು ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಿಂದಗಿ, ಇಂಡಿ, ತಾಳಿಕೋಟೆ ಕಡೆಯಿಂದೆಲ್ಲ ಬಂದಿದ್ದೀರಿ, ಸಂಜೆ ಬಸ್ಸು ಹಿಡಿಯುವವರೂ ಇದ್ದೀರಿ. ಪೀಠಿಕೆ ಬೇಡ. ವಿಂಡೋಸ್ ಕಂಪ್ಯೂಟರ್‌ಗೆ ಹೊಸ ಸಾಫ್ಟ್‌ವೇರ್ ಹಾಕಲು ಹೋದಾಗ 'ಆಕ್ಸೆಸ್ ಈಸ್ ಡಿನೈಡ್' ಅಂತಲೋ, ಅಡ್ಮಿನಿಸ್ಟ್ರೇಟರ್ (ಪೂರ್ತಿ ಅಧಿಕಾರ ಇರುವ ಯೂಸರ್, ಅಂದರೆ ಅಡ್ಮಿನ್) ಪರ್ಮಿಷನ್ ಬೇಕು ಅಂತಲೋ ಬಂದು ನಿಲ್ಲುತ್ತಲ್ಲ, ಇವತ್ತು ಅದರ ಬಗ್ಗೆ ಮಾತ್ರ ಮಾತಾಡೋಣ.

ಈ ಮೆಸೇಜ್ ಬಂದ ಕೂಡಲೇ ನಾವು ಏನು ಮಾಡ್ತೀವಿ? ಮೊದಲು ರೀಸ್ಟಾರ್ಟ್. ಆಮೇಲೆ ಆಂಟಿವೈರಸ್ ಆಫ್. ಆಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಈ ಪರ್ಮಿಷನ್ ಕೇಳೋದನ್ನು ಹೆಚ್ಚು ಕಡಿಮೆ ಮಾಡುವ ಸ್ಲೈಡರನ್ನು ತಳಕ್ಕೆ ಎಳೆದುಬಿಡೋದು. ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್. ಮೆಸೇಜ್ ಏನು ಹೇಳ್ತಿದೆ ಅಂತ ಓದೋದು ಮಾತ್ರ ಯಾರೂ ಮಾಡಲ್ಲ. ನಾನು ಹೇಳೋದು ಇಷ್ಟೇ. ಪರ್ಮಿಷನ್ ಎರರ್ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಪ್ರೋಗ್ರಾಂ ಈಗ ಯಾರ ಹೆಸರಲ್ಲಿ ಓಡ್ತಾ ಇದೆ? ಎಲ್ಲಿಗೆ ಬರೆಯಲು ಹೊರಟಿದೆ? ಮುಕ್ಕಾಲು ಪಾಲು ತೊಂದರೆ ಇಲ್ಲೇ ಗೊತ್ತಾಗಿಬಿಡುತ್ತೆ.

ಮುಂದಿನ ಸಾಲಲ್ಲಿ ಕೂತವರೊಬ್ಬರು ಆಗಲೇ ಕೇಳಿದರು: "ಸರ್, ನಾನ ಅಡ್ಮಿನ್ ಅದೀನಲ್ರೀ, ಮತ್ತ ನನಗ್ಯಾಕ ಅಡ್ಮಿನ್ ಪರ್ಮಿಷನ್ ಕೇಳ್ತೈತ್ರೀ?"

ಒಳ್ಳೇ ಪ್ರಶ್ನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ನೆನಪಿರುವವರು ಕೈ ಎತ್ತಿ. ನೋಡಿ, ಅರ್ಧಕ್ಕರ್ಧ ಇದ್ದೀರಿ. ಎಕ್ಸ್‌ಪಿಯಲ್ಲಿ ನಾವು ಮಾಡಿಕೊಂಡ ಮೊದಲ ಯೂಸರ್ ಅಡ್ಮಿನ್ನೇ ಆಗಿರುತ್ತಿದ್ದ, ಅವನು ತೆರೆದ ಪ್ರತಿ ಪ್ರೋಗ್ರಾಂಗೂ ಪೂರ್ತಿ ಅಧಿಕಾರ. ಬ್ರೌಸರ್‌ಗೂ, ಪೆನ್‌ಡ್ರೈವ್‌ನಿಂದ ತಾನಾಗೇ ಓಡುವ ವೈರಸ್‌ಗೂ. 2007ರಲ್ಲಿ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಇದನ್ನು ಬದಲಾಯಿಸಿತು. ಆಗ ಬಂದಿದ್ದೇ ಯೂಸರ್ ಅಕೌಂಟ್ ಕಂಟ್ರೋಲ್, ನಾವೆಲ್ಲ ಯುಎಸಿ ಅಂತೀವಿ. ಅಡ್ಮಿನ್ ಲಾಗಿನ್ ಆದಾಗ ವಿಂಡೋಸ್ ಅವನಿಗೆ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿ, ತಯಾರು ಮಾಡುತ್ತೆ. ಒಂದು ಸಾದಾ, ಒಂದು ಪೂರ್ತಿ ಅಧಿಕಾರದ್ದು. ದಿನದ ಕೆಲಸವೆಲ್ಲ ಸಾದಾ ಟೋಕನ್ ಮೇಲೆ ನಡೆಯುತ್ತೆ. ಅಂಗಡಿ ನಿಮ್ಮದೇ, ಆದರೂ ಗಲ್ಲಾಪೆಟ್ಟಿಗೆಯ ಕೀಲಿ ಜೇಬಲ್ಲಿ ಇಟ್ಟುಕೊಂಡೇ ಗಿರಾಕಿ ಜೊತೆ ಮಾತಾಡ್ತೀರಿ ಅಲ್ವಾ, ಹಾಗೆ. ಪರದೆ ಮಬ್ಬಾಗಿ 'ಯೆಸ್' 'ನೋ' ಕೇಳುವಾಗ ವಿಂಡೋಸ್ ಕೇಳ್ತಿರೋದು ನೀವು ಯಾರು ಅಂತ ಅಲ್ಲ, ಆ ಕೀಲಿಯನ್ನು ಈ ಪ್ರೋಗ್ರಾಂ ಕೈಗೆ ಕೊಡಲಾ ಅಂತ.

ಹಾಗಾಗಿ 'ನಾನು ಅಡ್ಮಿನ್' ಅನ್ನೋದು ಬೇರೆ, 'ಈ ಪ್ರೋಗ್ರಾಂ ಅಡ್ಮಿನ್ ಆಗಿ ಓಡ್ತಿದೆ' ಅನ್ನೋದು ಬೇರೆ. ಇದನ್ನು ಕಣ್ಣಾರೆ ನೋಡಬೇಕಾ? ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಡಿಟೇಲ್ಸ್‌ಗೆ ಹೋಗಿ, ಮೇಲಿನ ಕಾಲಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೆಲೆಕ್ಟ್ ಕಾಲಮ್ಸ್ ಒತ್ತಿ. ಅಲ್ಲಿ 'ಎಲಿವೇಟೆಡ್' ಅಂತ ಒಂದಿದೆ, ಟಿಕ್ ಮಾಡಿ. ಯಾವ ಪ್ರೋಗ್ರಾಂ ಪೂರ್ತಿ ಅಧಿಕಾರದಲ್ಲಿದೆ, ಯಾವುದು ಸಾದಾ ಅಂತ ಸಾಲು ಸಾಲಾಗಿ ತೋರಿಸುತ್ತೆ. ಹತ್ತಿರದಲ್ಲೇ 'ಯುಎಸಿ ವರ್ಚುವಲೈಸೇಷನ್' ಅಂತಲೂ ಇದೆ, ಅದನ್ನೂ ಟಿಕ್ ಮಾಡಿಡಿ. ಅದರ ಕಥೆ ಆಮೇಲೆ ಹೇಳ್ತೀನಿ, ಅದೇ ಇವತ್ತಿನ ಮುಖ್ಯ ಕಥೆ.

ಈಗ ಎರಡನೇ ಪ್ರಶ್ನೆ, ಎಲ್ಲಿಗೆ ಬರೆಯಲು ಹೊರಟಿದೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್, ವಿಂಡೋಸ್ ಫೋಲ್ಡರ್, ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಇಡೀ ಯಂತ್ರಕ್ಕೆ ಸೇರಿದ ಭಾಗ, ಪ್ರಿಂಟರ್‌ನಂಥ ಸಾಧನ ನಡೆಸುವ ಡ್ರೈವರ್, ತೆರೆಮರೆಯಲ್ಲಿ ಓಡುವ ಸರ್ವಿಸ್, ಇಷ್ಟಕ್ಕೆ ಅಡ್ಮಿನ್ ಬೇಕೇ ಬೇಕು. ಯೂಸರ್ ಫೋಲ್ಡರ್ ಒಳಗೆ ಆಪ್‌ಡೇಟಾ ಅಂತ ಒಂದು ಅಡಗಿಸಿಟ್ಟ ಫೋಲ್ಡರ್ ಇದೆ, ಅಲ್ಲಿಗೆ ಬರೆಯಲು ಬೇಡ. ಅದು ಆ ಯೂಸರ್‌ನ ಸ್ವಂತ ಜಾಗ. ಅದಕ್ಕೇ ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಕಾಲೇಜ್ ಲ್ಯಾಬಲ್ಲೂ ಹುಡುಗರು ಕ್ರೋಮ್ ಹಾಕಿಕೊಂಡುಬಿಡ್ತಾರೆ. ಅಡ್ಮಿನ್ ಸಿಗದಿದ್ದರೆ ಕ್ರೋಮ್ ಆ ಯೂಸರ್‌ನ ಆಪ್‌ಡೇಟಾದಲ್ಲೇ ಕೂರುತ್ತೆ. ವಿಷುವಲ್ ಸ್ಟುಡಿಯೋ ಕೋಡ್ ಅಂತೂ 'ಯೂಸರ್ ಇನ್‌ಸ್ಟಾಲರ್', 'ಸಿಸ್ಟಂ ಇನ್‌ಸ್ಟಾಲರ್' ಅಂತ ಎರಡು ಬೇರೆ ಫೈಲನ್ನೇ ಕೊಡುತ್ತೆ. ಇನ್‌ಸ್ಟಾಲ್ ಮಾಡುವಾಗ 'ಎಲ್ಲ ಯೂಸರ್‌ಗಳಿಗೆ' ಅಥವಾ 'ನನಗೆ ಮಾತ್ರ' ಅಂತ ಕೇಳಿದರೆ ಸುಮ್ನೆ ನೆಕ್ಸ್ಟ್ ಒತ್ತಬೇಡಿ. ಆ ಕಂಪ್ಯೂಟರ್ ಬಳಸೋರು ಒಬ್ಬರೇ ಆಗಿದ್ದರೆ 'ನನಗೆ ಮಾತ್ರ' ಸಾಕು, ಯಾರ ಪಾಸ್‌ವರ್ಡೂ ಬೇಡ.

ಎರರ್ ನಂಬರ್‌ಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 5 ಅಂದರೆ ಆಕ್ಸೆಸ್ ಡಿನೈಡ್. 80070005 ಅಂತ ಉದ್ದ ನಂಬರ್ ಬಂದರೂ ಕೊನೆಯ 5 ನೋಡಿ, ಅದೇ ಇದು. 740 ಅಂದರೆ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಬೇಕು, ಆದರೆ ಅದನ್ನು ಸಾದಾ ಆಗಿ ಓಡಿಸಿದ್ದೀರಿ. 1925 ಬಂದರೆ ಎಲ್ಲ ಯೂಸರ್‌ಗೆ ಹಾಕುವಷ್ಟು ಅಧಿಕಾರ ಇಲ್ಲ ಅಂತ ಅರ್ಥ. 1625 ಬಂದರೆ ಸಿಸ್ಟಂ ಪಾಲಿಸಿಯಲ್ಲೇ ತಡೆದಿದ್ದಾರೆ. ಅದು ಬ್ಯಾಂಕಿನ, ಕಾಲೇಜಿನ, ಸರ್ಕಾರಿ ಕಚೇರಿಯ ಕಂಪ್ಯೂಟರ್ ಆಗಿದ್ದರೆ ನೀವು ಏನೂ ಮಾಡಬೇಡಿ, ಅಲ್ಲಿಯ ಐಟಿಯವರಿಗೆ ಹೇಳಿ ಕೈ ತೊಳೆದುಕೊಳ್ಳಿ. 1603 ಮಾತ್ರ ಕಿರಿಕಿರಿ. 'ಏನೋ ದೊಡ್ಡದು ಕೆಟ್ಟಿದೆ' ಅಂತಷ್ಟೇ ಅದರ ಅರ್ಥ. ಫೋಲ್ಡರ್‌ನಲ್ಲಿ ಸಿಸ್ಟಂ ಅನ್ನೋ ಖಾತೆಗೆ ಪೂರ್ತಿ ಹಕ್ಕು ಇಲ್ಲದಿದ್ದರೂ ಬರಬಹುದು, ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೂ ಬರಬಹುದು. ಇನ್‌ಸ್ಟಾಲರ್ ಏನೇನು ಮಾಡಿತು ಅಂತ ಬರೆದಿಡುವ ಲಾಗ್ ಫೈಲ್ ಬರೆಸಿ, ಅದರಲ್ಲಿ 'ರಿಟರ್ನ್ ವ್ಯಾಲ್ಯೂ 3' ಅಂತ ಹುಡುಕಿ, ಅದರ ಮೇಲಿನ ಕೆಲವು ಸಾಲು ಓದಿ. ನಿಜವಾದ ಕಾರಣ ಬಹಳ ಸಲ ಅಲ್ಲೇ ಕೂತಿರುತ್ತೆ.

ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಒತ್ತೋದು ನಿಮಗೆಲ್ಲ ಗೊತ್ತು. ಆದರೆ ಎಂಎಸ್‌ಐ ಫೈಲ್ (ಹೆಸರು .msi ಅಂತ ಮುಗಿಯುವ ಇನ್‌ಸ್ಟಾಲರ್) ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿ, ಆ ಆಯ್ಕೆಯೇ ಇರಲ್ಲ. ಆಗ ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದನ್ನು ಅಡ್ಮಿನ್ ಆಗಿ ತೆರೆಯಿರಿ. ಕಿಟಕಿಯ ತಲೆಪಟ್ಟಿಯಲ್ಲಿ 'ಅಡ್ಮಿನಿಸ್ಟ್ರೇಟರ್' ಅಂತ ಬಂದಿದೆಯಾ ನೋಡಿ, ಬರದಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೋಗಿ ಪ್ರಯೋಜನ ಇಲ್ಲ. ಇನ್ನೊಂದು ಕಡೆ ಶಿಫ್ಟ್ ಒತ್ತಿಕೊಂಡು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಕಾಪಿ ಆಸ್ ಪಾತ್' ಸಿಗುತ್ತೆ. ಪ್ರಾಂಪ್ಟ್‌ನಲ್ಲಿ ಆ ಪಾತ್ ಪೇಸ್ಟ್ ಮಾಡಿ ಎಂಟರ್ ಒತ್ತಿ. ಈಗ ಅದು ಓಡೋದು ಪೂರ್ತಿ ಅಧಿಕಾರದಲ್ಲಿ.

ಒಂದು ತಮಾಷೆ. ಕೆಲವು ಹಳೆಯ ಪ್ರೋಗ್ರಾಂಗಳು ತಮಗೆ ಅಡ್ಮಿನ್ ಬೇಕು ಅಂತ ತಾವೇ ಹೇಳಲ್ಲ. ಆಗ ವಿಂಡೋಸ್ ಫೈಲಿನ ಹೆಸರು ನೋಡಿ ಊಹೆ ಮಾಡುತ್ತೆ. ಹೆಸರಲ್ಲಿ 'ಸೆಟಪ್', 'ಇನ್‌ಸ್ಟಾಲ್', 'ಅಪ್‌ಡೇಟ್' ಇದ್ದರೆ ಇದು ಇನ್‌ಸ್ಟಾಲರ್ ಇರಬೇಕು ಅಂದುಕೊಂಡು ಕೇಳುತ್ತೆ. ಯಾರೋ ಪುಣ್ಯಾತ್ಮರು ಫೈಲಿನ ಹೆಸರು ಬದಲಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿರ್ತಾರೆ, ಕೇಳೋದೇ ಇಲ್ಲ, ಅರ್ಧಕ್ಕೆ ಹೋಗಿ ಎರರ್ ಕೊಡುತ್ತೆ.

ಬೇರೆಯವರ ಪಾಸ್‌ವರ್ಡ್ ಹಾಕಿ ಇನ್‌ಸ್ಟಾಲ್ ಮಾಡುವ ವಿಷಯ. ಅಂಗಡಿಯಲ್ಲಿ ಕೆಲಸದ ಹುಡುಗಿಗೆ ಸಾದಾ ಲಾಗಿನ್, ಮಾಲೀಕರಿಗೆ ಅಡ್ಮಿನ್ ಲಾಗಿನ್. ಇದು ಒಳ್ಳೇ ಪದ್ಧತಿ, ಹಾಗೇ ಇಟ್ಟುಕೊಳ್ಳಿ. ಆದರೆ ಅವಳ ಪರದೆಯಲ್ಲಿ ಮಾಲೀಕರು ಬಂದು ಪಾಸ್‌ವರ್ಡ್ ಒತ್ತಿದಾಗ ಆ ಇನ್‌ಸ್ಟಾಲರ್ ಓಡೋದು ಮಾಲೀಕರ ಹೆಸರಲ್ಲಿ. 'ನನಗೆ ಮಾತ್ರ' ಅಂತ ಆರಿಸಿದ್ದರೆ ಶಾರ್ಟ್‌ಕಟ್ಟು, ಸೆಟ್ಟಿಂಗು ಎಲ್ಲ ಮಾಲೀಕರ ಲಾಗಿನ್‌ಗೆ ಹೋಗಿ ಕೂತಿರುತ್ತೆ. "ಅಕ್ಕಾರ, ಇನ್‌ಸ್ಟಾಲ್ ಆತು ಅಂತ ಬಂತು, ಆದ್ರ ಎಲ್ಲೂ ಕಾಣವಲ್ದು" ಅಂತ ಅವಳು ಹೇಳೋದು ಇದಕ್ಕೇ. ಅಲ್ಲಿ 'ಎಲ್ಲ ಯೂಸರ್‌ಗಳಿಗೆ' ಅನ್ನೋದನ್ನೇ ಆರಿಸಬೇಕು. ನೆಟ್‌ವರ್ಕ್ ಡ್ರೈವ್‌ನದ್ದೂ ಇದೇ ಗೋಳು. ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಂಡಿದ್ದೀರಿ, ಸೆಟಪ್ ಫೈಲ್ ಅಲ್ಲಿದೆ. ಸಾದಾ ಟೋಕನ್‌ಗೆ ಆ ಡ್ರೈವ್ ಕಾಣುತ್ತೆ, ಪೂರ್ತಿ ಅಧಿಕಾರದ ಟೋಕನ್‌ಗೆ ಕಾಣಲ್ಲ. ಯೆಸ್ ಒತ್ತಿದ ಕೂಡಲೇ 'ಪಾತ್ ಸಿಗ್ತಿಲ್ಲ' ಅನ್ನುತ್ತೆ. ಫೈಲನ್ನು ಮೊದಲು ಸಿ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ, ಮುಗೀತು.

ಈಗ ಆ ಮುಖ್ಯ ಕಥೆಗೆ ಬರೋಣ.

ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಅಂಥದ್ದೇ ಒಂದು ಕಡೆ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಇತ್ತು. ಯಾರೋ ಬರೆದುಕೊಟ್ಟಿದ್ದು, 32 ಬಿಟ್‌ನದು, ಡೇಟಾ ಫೈಲು ಪ್ರೋಗ್ರಾಂ ಫೈಲ್ಸ್ ಒಳಗಿನ ತನ್ನದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳೋದು. ಎಕ್ಸ್‌ಪಿ ಕಾಲದ ಅಭ್ಯಾಸ. ಹೊಸ ವಿಂಡೋಸ್‌ನಲ್ಲೂ ವರ್ಷಗಟ್ಟಲೆ ಏನೂ ತೊಂದರೆ ಕೊಡದೆ ನಡೀತಿತ್ತು. ಒಂದು ದಿನ ಪ್ರಿಂಟ್ ಬರ್ತಿಲ್ಲ ಅಂತ ಯಾರೋ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ 'ಯಾವಾಗಲೂ ಅಡ್ಮಿನ್ ಆಗಿ ಓಡಿಸು' ಅಂತ ಟಿಕ್ ಮಾಡಿಕೊಟ್ಟರು. ಪ್ರೋಗ್ರಾಂ ತೆರೆದರೆ ಒಂದು ಬಿಲ್ಲೂ ಇಲ್ಲ. ಯಾವ ರೈತನ ಎಷ್ಟು ಬಾಕ್ಸ್ ಒಳಗಿದೆ, ಎಷ್ಟು ಬಾಡಿಗೆ ಬಾಕಿ, ಎಲ್ಲ ಸೊನ್ನೆ. ಗಾಬರಿಯಾಗಿ ಪೆನ್‌ಡ್ರೈವ್‌ನಲ್ಲಿದ್ದ ಬ್ಯಾಕಪ್ ತೆಗೆದರು. ಅದೂ ಖಾಲಿ!

ಡೇಟಾ ಎಲ್ಲೂ ಹೋಗಿರಲಿಲ್ಲ. ಆಗಿದ್ದು ಇದು. ಸಾದಾ ಟೋಕನ್‌ನಲ್ಲಿ ಓಡುವ ಹಳೆಯ ಪ್ರೋಗ್ರಾಂ ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಹೋದರೆ ಎರರ್ ಕೊಡಬೇಕು. ಆದರೆ ಹಾಗೆ ಮಾಡಿದ್ದರೆ ಎಕ್ಸ್‌ಪಿ ಕಾಲದ ಸಾವಿರಾರು ಪ್ರೋಗ್ರಾಂಗಳು ಒಂದೇ ಸಲ ನಿಂತುಹೋಗ್ತಿದ್ದವು. ಅದಕ್ಕೆ ವಿಸ್ಟಾದಿಂದ ವಿಂಡೋಸ್ ಒಂದು ಉಪಾಯ ಮಾಡಿದೆ. ಪ್ರೋಗ್ರಾಂಗೆ 'ಬರೆದಾಯ್ತು' ಅಂತ ಹೇಳಿ, ಫೈಲನ್ನು ಮಾತ್ರ ಆ ಯೂಸರ್‌ನ ಆಪ್‌ಡೇಟಾ ಒಳಗೆ, ಲೋಕಲ್ ಒಳಗೆ, 'ವರ್ಚುವಲ್‌ಸ್ಟೋರ್' ಅನ್ನೋ ಫೋಲ್ಡರ್‌ನಲ್ಲಿ ಇಡುತ್ತೆ. ಓದುವಾಗಲೂ ಮೊದಲು ಅಲ್ಲೇ ನೋಡುತ್ತೆ. ಪ್ರೋಗ್ರಾಂಗೆ ಏನೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಅದೇ ಪ್ರೋಗ್ರಾಂ ಅಡ್ಮಿನ್ ಆಗಿ ಓಡಿದರೆ ಈ ಉಪಾಯ ನಡೆಯಲ್ಲ, ನೇರ ಪ್ರೋಗ್ರಾಂ ಫೈಲ್ಸ್‌ನ ಅಸಲಿ ಫೈಲನ್ನೇ ತೆರೆಯುತ್ತೆ. ಆ ಅಸಲಿ ಫೈಲು ಇನ್‌ಸ್ಟಾಲ್ ಆದ ದಿನ ಹೇಗಿತ್ತೋ ಹಾಗೇ ಇರುತ್ತೆ. ಇವರು ವರ್ಷಗಟ್ಟಲೆ ಬ್ಯಾಕಪ್ ತಗೊಂಡಿದ್ದು ಆ ಖಾಲಿ ಫೈಲನ್ನೇ.

ಇದಕ್ಕೆ ಮದ್ದು ಏನು? ಮೊದಲು ಪ್ರೋಗ್ರಾಂ ಮುಚ್ಚಿ. ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಐಟಮ್ಸ್ ತೋರಿಸುವಂತೆ ಮಾಡಿ, ಎರಡೂ ಕಡೆಯ ಫೈಲನ್ನು ಬೇರೆ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ. ಏನೂ ಮುಟ್ಟೋ ಮೊದಲು ಇದು ಆಗಲೇಬೇಕು. ಆಮೇಲೆ ತಾರೀಖು ನೋಡಿ ಯಾವುದು ಹೊಸದು ಅಂತ ತಿಳಿದುಕೊಳ್ಳಿ. ಯಾರಾದರೂ ಈ ನಡುವೆ ಅಡ್ಮಿನ್ ಆಗಿ ಓಡಿಸಿ ನಾಲ್ಕು ಬಿಲ್ ಮಾಡಿಬಿಟ್ಟಿದ್ದರೆ ಎರಡರಲ್ಲೂ ಹೊಸ ಬಿಲ್ ಇರುತ್ತೆ, ಆಗ ಕೈಯಾರೆ ಸೇರಿಸಬೇಕು, ಬೇರೆ ದಾರಿ ಇಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರು ಬೇರೆ ಲಾಗಿನ್‌ನಲ್ಲಿ ಬಿಲ್ ಮಾಡುತ್ತಿದ್ದರೆ ಇಬ್ಬರಿಗೂ ಒಂದೊಂದು ವರ್ಚುವಲ್‌ಸ್ಟೋರ್ ಇರುತ್ತೆ ಅನ್ನೋದೂ ನೆನಪಿರಲಿ. ಶಾಶ್ವತವಾಗಿ ಸರಿಮಾಡಬೇಕಂದರೆ ಪ್ರೋಗ್ರಾಂ ಅನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಬೇರೆ ಕಡೆ, ಡಿ ಡ್ರೈವ್‌ನಲ್ಲೋ ಸಿ ಡ್ರೈವ್‌ನ ಬುಡದಲ್ಲೋ ಒಂದು ಫೋಲ್ಡರ್ ಮಾಡಿ ಹಾಕಿ. ಅದಾಗಲ್ಲ ಅಂದರೆ ಆ ಪ್ರೋಗ್ರಾಂನ ಡೇಟಾ ಫೋಲ್ಡರ್ ಒಂದಕ್ಕೆ ಮಾತ್ರ, ಸೆಕ್ಯುರಿಟಿ ಟ್ಯಾಬ್‌ನಲ್ಲಿ ಯೂಸರ್ಸ್‌ಗೆ 'ಮಾಡಿಫೈ' ಹಕ್ಕು ಕೊಡಿ. ಇಲ್ಲೊಂದು ಎಡವಟ್ಟು ಇದೆ, ಜಾಸ್ತಿ ಜನ ಇಲ್ಲೇ ಸಿಕ್ಕಿಹಾಕಿಕೊಳ್ತಾರೆ. ಹಕ್ಕು ಕೊಟ್ಟ ಮೇಲೂ ವರ್ಚುವಲ್‌ಸ್ಟೋರ್‌ನಲ್ಲಿ ಹಳೆಯ ಕಾಪಿ ಉಳಿದಿದ್ದರೆ ಪ್ರೋಗ್ರಾಂ ಅದನ್ನೇ ಓದುತ್ತೆ. ಅದನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಡಲೇಬೇಕು.

ಯಾವ ಪ್ರೋಗ್ರಾಂ ಹೀಗೆ ಮಾಡ್ತಿದೆ ಅಂತ ತಿಳಿಯೋಕೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಇನ್ನೊಂದು ಕಾಲಂ ಟಿಕ್ ಮಾಡಿ ಅಂದಿದ್ದು. ಅಲ್ಲಿ 'ಎನೇಬಲ್ಡ್' ಅಂತ ಇದ್ದರೆ ಅದರ ಬ್ಯಾಕಪ್ ಎಲ್ಲಿಂದ ತಗೊಳ್ತಿದ್ದೀರಿ ಅಂತ ಇವತ್ತೇ ಹೋಗಿ ನೋಡಿ.

ಇನ್ನು ಡಿಟಿಪಿಯವರಿಗೆ. ಲಗ್ನಪತ್ರಿಕೆ ಸೀಸನ್‌ನಲ್ಲಿ ಹೊಸ ಕಂಪ್ಯೂಟರ್ ತಂದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಫಾಂಟ್ ಹಾಕಿದರೆ ಹಳೆಯ ಡಿಟಿಪಿ ಪ್ರೋಗ್ರಾಂನ ಫಾಂಟ್ ಪಟ್ಟಿಯಲ್ಲಿ ಅದು ಬರೋದೇ ಇಲ್ಲ. ವರ್ಡ್‌ನಲ್ಲಿ ಬರುತ್ತೆ. ಫಾಂಟ್ ಕೆಟ್ಟಿದೆ ಅಂತ ಇನ್ನೊಬ್ಬರಿಂದ ತಂದು ಹಾಕ್ತೀರಿ, ಅದೂ ಹಾಗೇ. ಕಾರಣ ಇದು. ವಿಂಡೋಸ್ 10ರ 1809 ಆವೃತ್ತಿಯಿಂದ, ಅಂದರೆ 2018ರ ಕೊನೆಯಿಂದ, ಅಡ್ಮಿನ್ ಅಲ್ಲದವರೂ ಫಾಂಟ್ ಹಾಕಿಕೊಳ್ಳಬಹುದು. ಹಾಗೆ ಹಾಕಿದ ಫಾಂಟ್ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ಗೆ ಹೋಗಲ್ಲ, ಯೂಸರ್‌ನ ಆಪ್‌ಡೇಟಾಗೆ ಹೋಗುತ್ತೆ. ಹಳೆಯ ಪ್ರೋಗ್ರಾಂಗಳಿಗೆ ಆ ಜಾಗ ಗೊತ್ತೇ ಇಲ್ಲ. ಜಿಪ್ ಬಿಚ್ಚಿ, ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಾದಾ 'ಇನ್‌ಸ್ಟಾಲ್' ಬಿಟ್ಟು 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಿ. ಅಡ್ಮಿನ್ ಕೇಳುತ್ತೆ, ಕೊಡಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒಳಗೆ ನೋಡಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು. "ನುಡಿ ಆನ್ ಐತ್ರೀ, ನೋಟ್‌ಪ್ಯಾಡ್‌ನಾಗ ಕನ್ನಡ ಬರ್ತೈತಿ, ಈ ಪ್ರೋಗ್ರಾಂನಾಗ ಬರೇ ಇಂಗ್ಲಿಷ್" ಅಂತ ಹಿಂದೆ ಕೂತ ಅಣ್ಣಾರು ಹೇಳಿದರು. ನಾನು ಮೊದಲು ಕೇಳೋದು ಆ ಪ್ರೋಗ್ರಾಂ ಅಡ್ಮಿನ್ ಆಗಿ ಓಡ್ತಿದೆಯಾ ಅಂತ. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನ ಅಧಿಕಾರದ ಕಿಟಕಿಗೆ ಕೀಬೋರ್ಡ್ ಅಕ್ಷರ ಕಳಿಸುವುದನ್ನು ವಿಂಡೋಸ್ ವಿಸ್ಟಾದಿಂದಲೇ ತಡೆಯುತ್ತೆ. ಬೇರೆ ಪ್ರೋಗ್ರಾಂ ಒಳಗೆ ಅಕ್ಷರ ತುಂಬುವ ಕೀಬೋರ್ಡ್ ಸಾಫ್ಟ್‌ವೇರ್‌ಗಳೆಲ್ಲ ಇದಕ್ಕೆ ಸಿಕ್ಕಿಕೊಳ್ಳಬಹುದು. ಒಂದೋ ಎರಡನ್ನೂ ಸಾದಾ ಆಗಿ ಓಡಿಸಿ, ಇಲ್ಲಾ ಎರಡನ್ನೂ ಅಡ್ಮಿನ್ ಆಗಿ. ಮೊದಲನೆಯದೇ ವಾಸಿ.

ಟೆಂಡರ್ ಹಾಕುವವರ ಡಿಜಿಟಲ್ ಸಿಗ್ನೇಚರ್ ಟೋಕನ್ (ಇದು ಕಂಪ್ಯೂಟರ್‌ಗೆ ಚುಚ್ಚುವ ಯುಎಸ್‌ಬಿ ಸಾಧನ), ಪ್ರಿಂಟರ್, ಇವೆರಡೂ ಡ್ರೈವರ್ ಕೇಳುವಂಥವು. ಅಡ್ಮಿನ್ ಇಲ್ಲದೆ ಆಗಲ್ಲ, ಸುತ್ತುದಾರಿ ಹುಡುಕಬೇಡಿ. ಒಂದು ಕಂಪ್ಯೂಟರ್‌ಗೆ ಹಚ್ಚಿದ ಪ್ರಿಂಟರನ್ನು ನೆಟ್‌ವರ್ಕ್‌ನಲ್ಲಿ ಇನ್ನೊಂದಕ್ಕೆ ತಗೊಳ್ಳುವಾಗ ಮೊದಲು ಪಾಸ್‌ವರ್ಡ್ ಕೇಳ್ತಿರಲಿಲ್ಲ, ಈಗ ಯಾಕೆ ಕೇಳುತ್ತೆ ಅಂದರೆ, 2021ರಲ್ಲಿ ವಿಂಡೋಸ್‌ನ ಪ್ರಿಂಟಿಂಗ್ ಭಾಗದಲ್ಲಿ 'ಪ್ರಿಂಟ್‌ನೈಟ್‌ಮೇರ್' ಅನ್ನೋ ಭದ್ರತೆಯ ದೊಡ್ಡ ತೂತು ಸಿಕ್ಕಿತು. ಅದೇ ವರ್ಷದ ಆಗಸ್ಟ್ ಅಪ್‌ಡೇಟ್‌ನಿಂದ ಆ ಡ್ರೈವರ್‌ಗೆ ಅಡ್ಮಿನ್ ಬೇಕು ಅಂತ ಮಾಡಿದರು.

ಪರ್ಮಿಷನ್ ಅಂತ ಕಾಣುವ, ಆದರೆ ಪರ್ಮಿಷನ್ ಅಲ್ಲದವೂ ಇವೆ. ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಇದ್ದರೆ ನೀವು ಅಡ್ಮಿನ್ ಆಗಿ ಓಡಿಸಿದರೂ ಡಾಕ್ಯುಮೆಂಟ್ಸ್‌ಗೆ ಬರೆಯಲು ಬಿಡಲ್ಲ. ಆ ಪ್ರೋಗ್ರಾಂ ಒಂದನ್ನು ಅಲ್ಲೇ ಅಲೋ ಮಾಡಿ. ನೆಟ್‌ನಿಂದ ಇಳಿಸಿದ ಫೈಲಾದರೆ ಪ್ರಾಪರ್ಟೀಸ್‌ನ ಕೆಳಗೆ 'ಅನ್‌ಬ್ಲಾಕ್' ಇರುತ್ತೆ, ಎಲ್ಲಿಂದ ತಂದದ್ದು ಅಂತ ಖಾತ್ರಿ ಇದ್ದರೆ ಟಿಕ್ ಮಾಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಸ್ಟೋರ್ ಬಿಟ್ಟು ಬೇರೆ ಏನೂ ಹಾಕಲು ಬಿಡದಿದ್ದರೆ ಅದು ಎಸ್ ಮೋಡ್. ಅದರಿಂದ ಹೊರಬರಲು ದುಡ್ಡು ಬೇಡ, ಆದರೆ ಬಂದ ಮೇಲೆ ವಾಪಸ್ ಹೋಗಕ್ಕಾಗಲ್ಲ.

ಈಗ ಜಗಳದ ವಿಷಯ. ಯುಎಸಿ ಆಫ್ ಮಾಡಿಬಿಡೋದು. ನಿಮ್ಮಲ್ಲಿ ಬಹಳ ಜನ ಮಾಡಿದ್ದೀರಿ, ನನಗೆ ಗೊತ್ತು. ಯೆಸ್, ನೋ ಕೇಳುವ ಆ ಕಿಟಕಿಯ ಬಣ್ಣ ಎಂದಾದರೂ ನೋಡಿದ್ದೀರಾ? ಪ್ರಕಟಿಸಿದವರ ಸಹಿ ಪಕ್ಕಾ ಇದ್ದರೆ ವಿಂಡೋಸ್ 10ರಲ್ಲಿ ನೀಲಿ ಪಟ್ಟಿ, ಯಾರದು ಅಂತ ಗೊತ್ತಿಲ್ಲದಿದ್ದರೆ ಹಳದಿ. ಕ್ರ್ಯಾಕ್ ಮಾಡಿದ ಡಿಟಿಪಿ ಪ್ಯಾಕೇಜ್ ಹಾಕುವಾಗ ಆ ಹಳದಿ ಬರುತ್ತೆ, ನಾವು ಕಣ್ಣು ಮುಚ್ಚಿ ಯೆಸ್ ಒತ್ತುತ್ತೀವಿ. ನಿಜ ಹೇಳಬೇಕಂದರೆ ನಿಮ್ಮ ಫೈಲುಗಳನ್ನು ಹಾಳು ಮಾಡಲು ವೈರಸ್‌ಗೆ ಅಡ್ಮಿನ್ ಬೇಕಾಗೇ ಇಲ್ಲ, ಅವು ನಿಮ್ಮವೇ, ಸಾದಾ ಟೋಕನ್ ಸಾಕು. ಆದರೆ ವಿಂಡೋಸ್ ಇಟ್ಟುಕೊಂಡಿರುವ ಫೈಲುಗಳ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು ಅಳಿಸಲು, ಆಂಟಿವೈರಸ್ ನಿಲ್ಲಿಸಲು ಅಡ್ಮಿನ್ ಬೇಕು. ಅದನ್ನೂ ನಾವೇ ಕೈಯಾರೆ ಕೊಡೋದಾ? ಇನ್ನು ಯೂಟ್ಯೂಬ್ ನೋಡಿ ಇಡೀ ಸಿ ಡ್ರೈವ್‌ನ ಓನರ್‌ಶಿಪ್ ತಗೊಳ್ಳೋದು. ದಯವಿಟ್ಟು ಬೇಡ. ವಿಂಡೋಸ್ ಫೋಲ್ಡರ್‌ನ ಫೈಲುಗಳ ಒಡೆತನ ವಿಂಡೋಸ್‌ನದೇ 'ಟ್ರಸ್ಟೆಡ್‌ಇನ್‌ಸ್ಟಾಲರ್' ಹೆಸರಲ್ಲಿ ಇರೋದಕ್ಕೆ ಕಾರಣ ಇದೆ. ಒಂದು ಸಲ ಬದಲಾಯಿಸಿದರೆ ಮೊದಲಿನ ಹಾಗೆ ಕೂರಿಸೋದು ಬಹಳ ಕಷ್ಟ.

ಕೊನೆಯ ಪ್ರಶ್ನೆ ಬಾಗೇವಾಡಿಯಿಂದ ಬಂದ ಅಕ್ಕ ಒಬ್ಬರದು. "ನಮ್ಮ ಕಂಪ್ಯೂಟರ್‌ನಾಗ ಯೆಸ್ ಬಟನ್ನೇ ಒತ್ತಾಕ ಬರವಲ್ದು, ಪಾಸ್‌ವರ್ಡ್ ಹಾಕೋ ಜಾಗಾನೂ ಇಲ್ಲ. ಏನ್ ಮಾಡ್ಬೇಕ್ರೀ?"

ಅಂದರೆ ಆ ಕಂಪ್ಯೂಟರ್‌ನಲ್ಲಿ ಬಳಕೆಯಲ್ಲಿರುವ ಅಡ್ಮಿನ್ ಒಬ್ಬರೂ ಉಳಿದಿಲ್ಲ. ಯಾರೋ ಇದ್ದ ಒಬ್ಬನೇ ಅಡ್ಮಿನ್ನನ್ನು ಸ್ಟ್ಯಾಂಡರ್ಡ್ ಯೂಸರ್ ಮಾಡಿರ್ತಾರೆ. ವಿಂಡೋಸ್ ಒಳಗೆ ಅಡ್ಮಿನಿಸ್ಟ್ರೇಟರ್ ಅನ್ನೋ ಹೆಸರಿನದೇ ಒಂದು ಖಾತೆ ಇದೆ, ಮಾಮೂಲಾಗಿ ಅದು ನಿಷ್ಕ್ರಿಯ. ಬೇರೆ ಯಾವ ಲೋಕಲ್ ಅಡ್ಮಿನ್ನೂ ಇಲ್ಲದಾಗ ಸೇಫ್ ಮೋಡ್‌ನಲ್ಲಿ ಅದರ ಮೂಲಕ ಒಳಗೆ ಹೋಗಲು ವಿಂಡೋಸ್ ಬಿಡುತ್ತೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಅಂತ ಹೋಗಿ ಸೇಫ್ ಮೋಡ್ ಆರಿಸಿ. ನಡುವೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀ ಕೇಳಬಹುದು, ಹಾಗಾಗಿ ಶುರು ಮಾಡೋ ಮೊದಲೇ ಆ ರಿಕವರಿ ಕೀ ಹುಡುಕಿ ಬರೆದಿಟ್ಟುಕೊಳ್ಳಿ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಸಿಗುತ್ತೆ. ಒಳಗೆ ಹೋದ ಮೇಲೆ ನಿಮ್ಮ ಹಳೆಯ ಖಾತೆಯನ್ನು ಮತ್ತೆ ಅಡ್ಮಿನ್ ಮಾಡಿ, ಜೊತೆಗೆ ಇನ್ನೊಂದು ಅಡ್ಮಿನ್ ಖಾತೆ ಮಾಡಿ ಅದರ ಪಾಸ್‌ವರ್ಡ್ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. ಅಕ್ಕಾರ, ನಿಮ್ಮದು ಯಾವ ವಿಂಡೋಸ್ ಅಂತ ಗೊತ್ತಿಲ್ಲದಿದ್ದರೆ ಚಹಾ ಟೈಮ್‌ನಲ್ಲಿ ಲ್ಯಾಪ್‌ಟಾಪ್ ತಗೊಂಡು ಬನ್ನಿ, ಇಲ್ಲೇ ನೋಡೋಣ.